ಹಬ್ಬದ ಕಾದಂಬರಿಯಲ್ಲಿ ಹಬ್ಬವೆಷ್ಟು?

ಹಬ್ಬದ ಹೆಸರು ಹೊತ್ತು ಬಂದ ಕಾದಂಬರಿಯನ್ನು ಕೈಗೆತ್ತಿಕೊಂಡ ವಾಚಕನು ಅದರಲ್ಲಿ ಹಬ್ಬವನ್ನು ಹುಡುಕುವುದು ಸಹಜ. ಬೆಲ್ಲದ ಅಂಗಡಿಗೆ ಹೋದವನು ಬೆಲ್ಲ ಕೇಳಿದರೆ ತಪ್ಪೇನು? ಇಂಗ್ಲೆಂಡಿನ ಚಾರ್ಲ್ಸ್ ಡಿಕನ್ಸನು 1843ರಲ್ಲಿ ಬರೆದ ‘ಎ ಕ್ರಿಸ್‌ಮಸ್ ಕ್ಯಾರಲ್’ ಎಂಬ ಕಿರುಕಾದಂಬರಿ ಇಂಥ ಪುಸ್ತಕಗಳಲ್ಲೆಲ್ಲ ಹೆಚ್ಚು ಹೆಸರಾದದ್ದು. ಅದನ್ನು ಓದಿದ ಕೆಲವರು ಒಂದು ದೂರು ಹೇಳುತ್ತಾರೆ. ಹೆಸರು ಹಬ್ಬದ್ದು; ಒಳಗೆ ತುಂಬಿರುವುದು ಮಾತ್ರ ಚಳಿ, ಮಂಜು, ದೆವ್ವ, ಗೋರಿ ಮತ್ತು ಹಸಿವು. ಹಬ್ಬದ ದಿನ ಓದಿ ಸಂತೋಷಪಡೋಣವೆಂದರೆ ಅರ್ಧ ಪುಸ್ತಕ ಎದೆ ಹಿಂಡುತ್ತದೆ ಎಂದು ಅವರ ಅಳಲು.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಈ ಪುಸ್ತಕದಲ್ಲಿ ಹಬ್ಬಕ್ಕೆ ಕೊರತೆಯಿಲ್ಲ. ಹಬ್ಬ ಯಾವ ಯಾವ ಸಾಮಾನಿನಿಂದ ಆಗುತ್ತದೆ ಎಂಬುದನ್ನು ಇಷ್ಟು ಚೆನ್ನಾಗಿ ಕಂಡ ಪುಸ್ತಕಗಳು ಕಡಿಮೆ. ಕೊರತೆ ಇರುವುದು ಬೇರೆ ಕಡೆ. ಆ ಹಬ್ಬದ ಬೀಗದ ಕೈ ಕೊನೆಯ ತನಕ ಧಣಿಯ ಸೊಂಟದಲ್ಲಿಯೇ ಉಳಿಯುತ್ತದೆ. ಇದನ್ನು ಸ್ವಲ್ಪ ವಿವರಿಸಬೇಕು.

ದೂರುದಾರರ ಲೆಕ್ಕ

ಕಥೆ ತಿಳಿಯದವರಿಗಾಗಿ ಎರಡು ಮಾತು. ಲಂಡನ್ನಿನಲ್ಲಿ ಎಬನೇಜರ್ ಸ್ಕ್ರೂಜ್ ಎಂಬ ಜಿಪುಣ ಸಾಹುಕಾರ. ಅವನ ಪಾಲುದಾರ ಮಾರ್ಲಿ ಸತ್ತು ಏಳು ವರ್ಷವಾಗಿದೆ. ಕಚೇರಿಯಲ್ಲಿ ಬಾಬ್ ಕ್ರ್ಯಾಚಿಟ್ ಎಂಬ ಗುಮಾಸ್ತನಿದ್ದಾನೆ. ವಾರಕ್ಕೆ ಹದಿನೈದು ಷಿಲ್ಲಿಂಗು ಪಗಾರ; ಮನೆಯಲ್ಲಿ ಹೆಂಡತಿ ಮತ್ತು ಆರು ಮಕ್ಕಳು. ಮಕ್ಕಳಲ್ಲಿ ಪುಟ್ಟ ಟಿಮ್ ಊರುಗೋಲಿನ ಮೇಲೆ ನಡೆಯುವ ರೋಗಿ ಹುಡುಗ. ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಸತ್ತ ಪಾಲುದಾರನ ಪ್ರೇತ ಸ್ಕ್ರೂಜನ ಮನೆಗೆ ಬರುತ್ತದೆ. ಅದರ ಮೈಗೆ ಸುತ್ತಿದ ಸರಪಳಿಯಲ್ಲಿ ಹಣದ ಪೆಟ್ಟಿಗೆ, ಬೀಗ, ಬೀಗದ ಕೈ, ಖಾತೆ ಪುಸ್ತಕ, ದಸ್ತಾವೇಜು, ಭಾರವಾದ ಹಣದ ಚೀಲ ಇವೆಲ್ಲ ಉಕ್ಕಿನಲ್ಲಿ ಎರಕವಾಗಿ ತೂಗಾಡುತ್ತವೆ. ಅದರ ಹಿಂದೆ ಮೂರು ಭೂತಗಳು ಬಂದು ಕಳೆದ ಕ್ರಿಸ್‌ಮಸ್, ಈಗಿನ ಕ್ರಿಸ್‌ಮಸ್, ಬರಲಿರುವ ಕ್ರಿಸ್‌ಮಸ್ ಇವುಗಳನ್ನು ಒಂದೊಂದಾಗಿ ತೋರಿಸುತ್ತವೆ. ಬೆಳಗಾಗುವಷ್ಟರಲ್ಲಿ ಸ್ಕ್ರೂಜ್ ಬೇರೆ ಮನುಷ್ಯನಾಗಿರುತ್ತಾನೆ. ಕಥೆ ಇಷ್ಟೇ.

ದೂರುದಾರರ ಲೆಕ್ಕವನ್ನು ನಾವು ತಳ್ಳಿಹಾಕುವುದಿಲ್ಲ. ಪುಸ್ತಕದಲ್ಲಿ ಐದು ಅಧ್ಯಾಯಗಳಿವೆ. ಮೊದಲನೆಯದರಲ್ಲಿ ಮಂಜು ಮುಸುಕಿದ ಬೀದಿ, ಚಳಿ ಹಿಡಿದ ಕಚೇರಿ, ಪ್ರೇತ. ಎರಡನೆಯದರಲ್ಲಿ ಹಬ್ಬದ ರಜೆಗೆ ಎಲ್ಲ ಹುಡುಗರೂ ಊರಿಗೆ ಹೋದ ಮೇಲೆ ಶಾಲೆಯಲ್ಲಿ ಒಬ್ಬನೇ ಉಳಿದ ಬಾಲಕ. ನಡುವೆ ಒಂದು ಕುಣಿತದ ರಾತ್ರಿ. ಆಮೇಲೆ ಹಣದ ಮೋಹಕ್ಕೆ ಬಲಿಯಾದ ಪ್ರೇಮ. ಮೂರನೆಯದು ಹಬ್ಬವೇ ಹಬ್ಬ. ನಾಲ್ಕನೆಯದರಲ್ಲಿ ಯಾರೂ ಅಳದ ಸಾವು, ಸತ್ತವನ ಹಾಸಿಗೆಯ ಪರದೆಯನ್ನು ಕೂಡ ಬಿಚ್ಚಿಕೊಂಡು ಹೋಗಿ ಹಳೆ ಸಾಮಾನಿನ ಅಂಗಡಿಗೆ ಮಾರುವ ಹೆಂಗಸು, ಪುಟ್ಟ ಟಿಮ್ಮನ ಖಾಲಿಯಾದ ಮೂಲೆ. ಐದನೆಯದರಲ್ಲಿ ಮಾತ್ರ ಮತ್ತೆ ಗಂಟೆ ಮೊಳಗುತ್ತದೆ. ತಕ್ಕಡಿಯಲ್ಲಿ ತೂಗಿದರೆ ಐದರಲ್ಲಿ ಎರಡು ಪಾಲು ಹಬ್ಬ, ಮೂರು ಪಾಲು ಕತ್ತಲೆ.

ಇಂದು ಕ್ರಿಸ್‌ಮಸ್ ಎಂದೊಡನೆ ಕಣ್ಣಿಗೆ ಬರುವ ಅಲಂಕಾರಗಳೂ ಇದರಲ್ಲಿ ಇಲ್ಲ. ದೀಪ ತೂಗಿದ ಮರವಿಲ್ಲ. ವಿಕ್ಟೋರಿಯಾ ರಾಣಿಯ ಮನೆಯವರು ಕ್ರಿಸ್‌ಮಸ್ ಮರದ ಸುತ್ತ ನಿಂತ ಚಿತ್ರವನ್ನು ಲಂಡನ್ನಿನ ಸಚಿತ್ರ ಪತ್ರಿಕೆಯೊಂದು ಅಚ್ಚು ಹಾಕಿದ್ದು 1848ರಲ್ಲಿ. ಮರದ ಪದ್ಧತಿ ಅಲ್ಲಿ ಮನೆಮನೆಗೆ ಹಬ್ಬಿದ್ದು ಅದರ ನಂತರ. ಸ್ಯಾಂಟಾ ಕ್ಲಾಸ್ ಎಂಬ ಹೆಸರಿಲ್ಲ. ಅಂಗಡಿಯಲ್ಲಿ ಮಾರುವ ಮೊದಲ ಕ್ರಿಸ್‌ಮಸ್ ಕಾರ್ಡು ಇದೇ 1843ರಲ್ಲಿ ಒಂದು ಷಿಲ್ಲಿಂಗಿಗೆ ಒಂದರಂತೆ ಹೊರಟಿತಾದರೂ ಕಥೆಯಲ್ಲಿ ಅದರ ಸುಳಿವಿಲ್ಲ. ದೇವರ ಪೂಜೆಯ ಸಂಗತಿಯೂ ತೀರ ಕಡಿಮೆ. ಬಾಬ್ ತನ್ನ ಮಗನನ್ನು ಹೆಗಲ ಮೇಲೆ ಹೊತ್ತು ಚರ್ಚಿನಿಂದ ಬರುತ್ತಾನೆ, ಸ್ಕ್ರೂಜ್ ಕೊನೆಗೆ ಒಮ್ಮೆ ಚರ್ಚಿಗೆ ಹೋಗಿಬರುತ್ತಾನೆ, ಅಷ್ಟೇ.

ಇಷ್ಟಾದರೂ ಈ ಪುಸ್ತಕ ಹಬ್ಬದ್ದಲ್ಲ ಎಂದು ನಾವು ಹೇಳಲಾರೆವು. ನಮ್ಮ ದೀಪಾವಳಿ ಬರುವುದೂ ಅಮಾವಾಸ್ಯೆಯ ಕತ್ತಲೆಯಲ್ಲಿಯೇ. ಹುಣ್ಣಿಮೆಯ ದಿನ ಹಣತೆ ಹಚ್ಚಿದರೆ ಅದರ ಬೆಲೆ ಯಾರಿಗೆ ತಿಳಿದೀತು?

ಒಂದು ಕೆಂಡ, ಒಂದು ರಜೆ

ಹಬ್ಬ ಯಾವುದರಿಂದ ಆಗುತ್ತದೆ? ಮೊದಲ ಅಧ್ಯಾಯದಲ್ಲಿಯೇ ಡಿಕನ್ಸನು ಉತ್ತರ ಕೊಟ್ಟಿದ್ದಾನೆ. ಸ್ಕ್ರೂಜನ ಕಚೇರಿಯಲ್ಲಿ ಕಲ್ಲಿದ್ದಲಿನ ಪೆಟ್ಟಿಗೆ ಧಣಿಯ ಕೋಣೆಯಲ್ಲಿರುತ್ತದೆ. ಗುಮಾಸ್ತನ ಅಗ್ಗಿಷ್ಟಿಕೆಯಲ್ಲಿ ಇರುವುದು ಒಂದೇ ತುಂಡು ಎನ್ನಬಹುದಾದಷ್ಟು ಬೆಂಕಿ. ಇನ್ನೊಂದು ತುಂಡು ತರಲು ಹೋದರೆ ಕೆಲಸವೇ ಹೋದೀತು. ಆದ್ದರಿಂದ ಬಾಬ್ ಕೊರಳಿಗೆ ಉಣ್ಣೆಯ ವಸ್ತ್ರ ಸುತ್ತಿಕೊಂಡು ಮೇಣದಬತ್ತಿಯ ಉರಿಯಲ್ಲಿ ಕೈ ಕಾಯಿಸಿಕೊಳ್ಳಲು ನೋಡುತ್ತಾನೆ. ಅವನಿಗೆ ಮೇಲಂಗಿಯಿಲ್ಲ.

ಸಾಯಂಕಾಲ ರಜೆಯ ಮಾತು ಬರುತ್ತದೆ. ವರ್ಷಕ್ಕೊಂದು ದಿನ ಕೆಲಸವಿಲ್ಲದೆ ಕೂಲಿ ಕೊಡುವುದೆಂದರೆ ತನ್ನ ಜೇಬು ಕತ್ತರಿಸಿದಂತೆ ಎಂದು ಸ್ಕ್ರೂಜ್ ಗೊಣಗುತ್ತಾನೆ. ಕೊನೆಗೆ ರಜೆ ಕೊಟ್ಟರೂ ಮರುದಿನ ಇನ್ನೂ ಬೇಗನೆ ಬರಬೇಕೆಂದು ತಾಕೀತು ಮಾಡುತ್ತಾನೆ. ಈ ಮಾತಿನ ಧಾಟಿ ನಮ್ಮ ವಾಚಕರಲ್ಲಿ ಯಾರಿಗೆ ಹೊಸದು?

ಇದರ ಮುಂದಿನ ಸಂಗತಿಯನ್ನು ಗಮನವಿಟ್ಟು ಓದಬೇಕು. ಬೀಗ ಬಿದ್ದೊಡನೆ ಬಾಬ್ ಬೀದಿಗಿಳಿದು, ಹಿಮ ಗಟ್ಟಿಯಾಗಿ ಜಾರುಬಂಡೆಯಂತಾದ ಇಳಿಜಾರಿನಲ್ಲಿ ಹುಡುಗರ ಸಾಲಿನ ಹಿಂದೆ ನಿಂತು ಇಪ್ಪತ್ತು ಸಲ ಜಾರುತ್ತಾನೆ. ಆಮೇಲೆ ಮಕ್ಕಳೊಡನೆ ಕಣ್ಣುಮುಚ್ಚಾಲೆಯಾಡಲು ಮನೆಗೆ ಓಡುತ್ತಾನೆ. ಇನ್ನೂ ಊಟವಿಲ್ಲ, ಉಡುಗೊರೆಯಿಲ್ಲ, ಮನೆಯಲ್ಲಿ ದೀಪದ ಸಾಲಿಲ್ಲ. ಆದರೂ ಹಬ್ಬ ಶುರುವಾಗಿದೆ. ಏಕೆಂದರೆ ಆ ಹೊತ್ತು ಅವನದು. ದುಡಿಯುವವನ ಹಬ್ಬ ಮೊದಲು ಹೊತ್ತಿನಲ್ಲಿ ಹುಟ್ಟುತ್ತದೆ, ಆಮೇಲೆ ಹೋಳಿಗೆಯಲ್ಲಿ. ಇದನ್ನು ಕಂಡ ಲೇಖಕನ ಪುಸ್ತಕದಲ್ಲಿ ಹಬ್ಬದ ಕಳೆ ಸಾಲದು ಎನ್ನುವುದು ಹೇಗೆ?

ಮೂರನೆಯ ಅಧ್ಯಾಯದ ಊಟವನ್ನು ನೋಡಿ. ಎಂಟು ಜನಕ್ಕೆ ಒಂದು ಹೆಬ್ಬಾತು. ಅದನ್ನು ಬೇಯಿಸುವಷ್ಟು ದೊಡ್ಡ ಒಲೆ ಬಡವರ ಮನೆಯಲ್ಲಿ ಇರಲಿಲ್ಲ. ಬ್ರೆಡ್ಡು ಸುಡುವವನ ಭಟ್ಟಿಗೆ ಕೊಟ್ಟು ಬೇಯಿಸಿ ತರುತ್ತಿದ್ದರು. ಪುಡಿಂಗು ಬೇಯುವುದು ಬಟ್ಟೆ ಕುದಿಸುವ ಹಂಡೆಯಲ್ಲಿ. ಆ ಮನೆಯೊಡತಿ ಎರಡು ಸಲ ಮಗುಚಿ ಹೊಲಿದ ಹಳೆಯ ಉಡುಪಿಗೆ ಅಗ್ಗದ ರಿಬ್ಬನ್ನು ಕಟ್ಟಿ ಹಬ್ಬದ ಬಟ್ಟೆ ಮಾಡಿಕೊಂಡಿದ್ದಾಳೆ. ಇಷ್ಟು ಜನಕ್ಕೆ ಪುಡಿಂಗು ಸಣ್ಣದಾಯಿತೆಂದು ಯಾರೂ ಅನ್ನುವುದಿಲ್ಲ, ಮನಸ್ಸಿಗೂ ತಂದುಕೊಳ್ಳುವುದಿಲ್ಲ. ಮನೆಯಲ್ಲಿರುವ ಗಾಜಿನ ಸಾಮಾನೆಲ್ಲ ಎರಡು ಲೋಟ ಮತ್ತು ಹಿಡಿ ಮುರಿದ ಒಂದು ಬಟ್ಟಲು; ಅದರಲ್ಲಿಯೇ ಪಾನೀಯ ಸುತ್ತು ಬರುತ್ತದೆ. ಬಡವರ ಮನೆಯ ಹಬ್ಬವನ್ನು ಕಂಡು ಮೂಗು ಮುರಿಯದೆ, ಕಣ್ಣೀರಿಡಲು ಅವಸರ ಮಾಡದೆ, ಆ ಮನೆಯವರ ಅಭಿಮಾನಕ್ಕೆ ಕುಂದು ಬಾರದಂತೆ ಬರೆದಿದ್ದಾನೆ. ಇದು ಸುಲಭದ ಕೆಲಸವಲ್ಲ.

ಹಬ್ಬದ ದಿನವೂ ದುಡಿಯುವವರನ್ನು ಆತ ಮರೆತಿಲ್ಲ. ಭೂತವು ಸ್ಕ್ರೂಜನನ್ನು ಊರಾಚೆಯ ಬಯಲಿನಲ್ಲಿ ಗಣಿ ಕೆಲಸದವರ ಗುಡಿಸಲಿಗೆ, ಸಮುದ್ರದ ಬಂಡೆಯ ಮೇಲಿನ ದೀಪಸ್ತಂಭಕ್ಕೆ, ಅಲ್ಲಿಂದ ಹಡಗಿನ ಚುಕ್ಕಾಣಿ ಹಿಡಿದವನ ಬಳಿಗೆ ಕರೆದೊಯ್ಯುತ್ತದೆ. ಹಬ್ಬ ಎಂದರೆ ಶ್ರೀಮಂತರ ಪಡಸಾಲೆ ಎಂದು ತಿಳಿದ ಲೇಖಕನಿಗೆ ಈ ದಾರಿ ಹೊಳೆಯುತ್ತಿರಲಿಲ್ಲ.

ಅಂಗಡಿಕಾರ ಬಾಂಧವರಿಗೂ ಇದರಲ್ಲಿ ಒಂದು ಮಾತಿದೆ. ಕಿರಾಣಿ ಅಂಗಡಿ, ಹಣ್ಣಿನ ಅಂಗಡಿ, ಕೋಳಿ ಅಂಗಡಿಗಳ ಹಬ್ಬದ ಬೆಳಗನ್ನು ಡಿಕನ್ಸನು ಆಸೆಯಿಂದ ಬಣ್ಣಿಸಿದ್ದಾನೆ. ಗಿರಾಕಿಗಳು ಅವಸರದಲ್ಲಿ ಕೊಂಡ ಸಾಮಾನನ್ನು ಬಿಟ್ಟು ಓಡಿ ಮತ್ತೆ ಬರುವುದು, ಅಂಗಡಿಯವರು ನಗುತ್ತ ಅದನ್ನು ಎತ್ತಿಕೊಡುವುದು, ಎಲ್ಲವೂ ಅಲ್ಲಿದೆ. ಗಲ್ಲಿಗಳಿಂದ ಬಡವರು ತಮ್ಮ ತಮ್ಮ ಅಡಿಗೆ ಹೊತ್ತು ಭಟ್ಟಿಗೆ ಬರುವಾಗ ಭೂತವು ಅವರ ಪಾತ್ರೆಗಳ ಮೇಲೆ ತನ್ನ ಪಂಜಿನ ಪರಿಮಳವನ್ನು ಚಿಮುಕಿಸುತ್ತದೆ; ಬಡವರ ಊಟಕ್ಕೇ ಅದು ಹೆಚ್ಚು ಬೇಕು ಎನ್ನುತ್ತದೆ. ಆಗ ಸ್ಕ್ರೂಜ್ ಕೇಳುವ ಪ್ರಶ್ನೆ ಅಂದಿನ ರಾಜಕೀಯದ್ದು. 1830ರ ದಶಕದಲ್ಲಿ ಸರ್ ಆಂಡ್ರೂ ಆಗ್ನ್ಯೂ ಎಂಬ ಪಾರ್ಲಿಮೆಂಟು ಸದಸ್ಯನು ದೇವರ ಹೆಸರು ಹೇಳಿ ಭಾನುವಾರ ಅಂಗಡಿ ಭಟ್ಟಿಗಳನ್ನು ಮುಚ್ಚಿಸುವ ಮಸೂದೆಗಳನ್ನು ತಂದಿದ್ದ. ಭಟ್ಟಿ ಮುಚ್ಚಿದರೆ ವಾರಕ್ಕೊಮ್ಮೆ ಬಿಸಿಯೂಟ ಮಾಡುವ ಬಡವನಿಗೆ ಅದೂ ತಪ್ಪುತ್ತದೆ. ಸ್ವಂತ ಅಡಿಗೆಯವರಿದ್ದ ಶ್ರೀಮಂತನಿಗೆ ಏನೂ ಆಗುವುದಿಲ್ಲ. ಡಿಕನ್ಸನು ಇದನ್ನು ವಿರೋಧಿಸಿ 1836ರಲ್ಲಿಯೇ ಒಂದು ಪುಸ್ತಿಕೆ ಬರೆದಿದ್ದ. ತನ್ನ ಹೆಸರಿನಲ್ಲಿ ಇಂಥ ಕೆಲಸ ಮಾಡುವವರು ತನಗೆ ಪರಿಚಿತರೇ ಅಲ್ಲ ಎಂದು ಹಬ್ಬದ ಭೂತದ ಬಾಯಲ್ಲಿ ಆತ ಇಲ್ಲಿ ಹೇಳಿಸುತ್ತಾನೆ.

ಪುಸ್ತಕ ಹುಟ್ಟಿದ ಬಗೆ

ಇಂಥ ಪುಸ್ತಕ ಬರೀ ಮೋಜಿಗಾಗಿ ಹುಟ್ಟಿದ್ದಲ್ಲ. ಡಿಕನ್ಸನು 1812ರಲ್ಲಿ ಹುಟ್ಟಿದವನು. 1824ರಲ್ಲಿ ತಂದೆ ಸಾಲಕ್ಕಾಗಿ ಮಾರ್ಷಲ್‌ಸೀ ಸೆರೆಮನೆ ಸೇರಿದಾಗ ಹನ್ನೆರಡರ ಹುಡುಗ ಬೂಟ್ ಪಾಲಿಷಿನ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತ ವಾರಕ್ಕೆ ಆರು ಷಿಲ್ಲಿಂಗಿಗೆ ದುಡಿದ. ಗಣಿಗಳಲ್ಲಿ ದುಡಿಯುವ ಮಕ್ಕಳ ಸ್ಥಿತಿಯ ಬಗ್ಗೆ ಸರಕಾರಿ ಆಯೋಗದ ಮೊದಲ ವರದಿ 1842ರಲ್ಲಿ ಬಂತು. ಕಾರ್ಖಾನೆ ಕಸಬುಗಳ ಮಕ್ಕಳ ಬಗ್ಗೆ ಎರಡನೆಯದು 1843ರಲ್ಲಿ. ಅದನ್ನು ಓದಿ ಬಡವರ ಮಕ್ಕಳ ಪರವಾಗಿ ಒಂದು ಕರಪತ್ರ ಬರೆಯಬೇಕೆಂದು ಆತ ಹೊರಟ. ಆಮೇಲೆ ಕರಪತ್ರಕ್ಕಿಂತ ಬಲವಾದ ಏಟು ಹಾಕುತ್ತೇನೆಂದು ಅದನ್ನು ಬಿಟ್ಟ. 1843ರ ಅಕ್ಟೋಬರ್ 5ರಂದು ಹತ್ತಿಗಿರಣಿಗಳ ಊರಾದ ಮ್ಯಾಂಚೆಸ್ಟರಿನಲ್ಲಿ ಭಾಷಣ ಮಾಡಿದ. ಅದೇ ದಿನಗಳಲ್ಲಿ ಈ ಕಥೆಯನ್ನು ಹಿಡಿದು ಸುಮಾರು ಆರು ವಾರದಲ್ಲಿ ಮುಗಿಸಿದ. ಅದೇ ಮ್ಯಾಂಚೆಸ್ಟರಿನ ಕೂಲಿಕಾರರ ಕೇರಿಗಳನ್ನು ಆ ವರ್ಷಗಳಲ್ಲಿಯೇ ಸುತ್ತುತ್ತಿದ್ದ ಫ್ರೆಡರಿಕ್ ಏಂಗೆಲ್ಸ್ 1845ರಲ್ಲಿ ಇಂಗ್ಲೆಂಡಿನ ಕೂಲಿಕಾರ ವರ್ಗದ ಸ್ಥಿತಿಯ ಬಗ್ಗೆ ತನ್ನ ಗ್ರಂಥ ಹೊರತಂದ. ಒಬ್ಬ ಕಂಡದ್ದನ್ನು ದಾಖಲೆಯಾಗಿ ಬರೆದ. ಇನ್ನೊಬ್ಬ ದೆವ್ವದ ಕಥೆಯಾಗಿ ಹೇಳಿದ.

ಈ ಕಥೆಯ ನಟ್ಟನಡುವೆ, ಹಬ್ಬದ ಭೂತದ ನಿಲುವಂಗಿಯ ಕೆಳಗಿನಿಂದ, ಎಲುಬುಗೂಡಾದ ಇಬ್ಬರು ಮಕ್ಕಳು ಹೊರಬರುತ್ತಾರೆ. ಹುಡುಗನ ಹೆಸರು ಅಜ್ಞಾನ, ಹುಡುಗಿಯ ಹೆಸರು ದಾರಿದ್ರ್ಯ. ನಿರ್ಗತಿಕರು ಎಲ್ಲಿಗೆ ಹೋಗಬೇಕೆಂಬ ಮಾತಿಗೆ, ಸೆರೆಮನೆಗಳಿಲ್ಲವೇ, ದುಡಿತದ ಮನೆಗಳಿಲ್ಲವೇ ಎಂದು ಸ್ಕ್ರೂಜ್ ಹಿಂದೆ ಆಡಿದ ಮಾತನ್ನು ಭೂತವು ಅವನಿಗೇ ತಿರುಗಿಸಿ ಹೇಳುತ್ತದೆ. 1834ರ ಬಡವರ ಕಾಯಿದೆಯ ಪ್ರಕಾರ ಮೈಗಟ್ಟಿಯಿದ್ದ ನಿರ್ಗತಿಕನಿಗೆ ಸಹಾಯ ಬೇಕಾದರೆ ಈ ದುಡಿತದ ಮನೆಗಳನ್ನೇ ಸೇರಬೇಕಿತ್ತು. ಅಲ್ಲಿ ಗಂಡ ಹೆಂಡಿರನ್ನೂ ಬೇರೆ ಬೇರೆ ಇಡುತ್ತಿದ್ದರು. ಹಬ್ಬದ ಪುಸ್ತಕದಲ್ಲಿ ಇದೇಕೆ ಎಂದು ಕೇಳುವವರಿಗೆ ನಮ್ಮ ಉತ್ತರ ಇಷ್ಟೇ: ಆ ಮಕ್ಕಳು ಹಬ್ಬದ ದಿನ ಬೀದಿಯಲ್ಲಿ ಇದ್ದೇ ಇರುತ್ತಾರೆ, ಲೇಖಕನು ಅವರನ್ನು ಅಡಗಿಸಲಿಲ್ಲ.

ಟರ್ಕಿ ಕೋಳಿ ಯಾರ ಪಾಲಿನದು?

ಎಲ್ಲರೂ ಮೆಚ್ಚಲಿಲ್ಲ. 1844ರಲ್ಲಿ ‘ವೆಸ್ಟ್‌ಮಿನ್‌ಸ್ಟರ್ ರಿವ್ಯೂ’ ಪತ್ರಿಕೆಯ ವಿಮರ್ಶಕನು ಅರ್ಥಶಾಸ್ತ್ರದ ಪ್ರಶ್ನೆಯೊಂದನ್ನು ಎತ್ತಿದ. ಕೊನೆಯಲ್ಲಿ ಸ್ಕ್ರೂಜ್ ಬಾಬನ ಮನೆಗೆ ದೊಡ್ಡ ಟರ್ಕಿ ಕೋಳಿಯನ್ನು ಕಳಿಸುತ್ತಾನಷ್ಟೆ. ಬಾಬನಿಗೆ ಕೋಳಿ ಸಿಕ್ಕಿತೆಂದರೆ ಬೇರೆ ಯಾರೋ ಒಬ್ಬರಿಗೆ ಅದು ತಪ್ಪಿರಲೇಬೇಕಲ್ಲ, ಅವರು ಯಾರು ಎಂಬುದು ಅವನ ವಾದ. ಪಗಾರ ಏರಿಸಿರೆಂದಾಗಲೆಲ್ಲ ಇದೇ ವಾದ ಹೊಸ ಕೋಟು ತೊಟ್ಟು ಬರುತ್ತದೆ.

ಕಥೆಯೇ ಇದಕ್ಕೆ ಉತ್ತರ ಕೊಡುತ್ತದೆ. ಹಬ್ಬದ ಬೆಳಿಗ್ಗೆಯೂ ಆ ಕೋಳಿ ಅಂಗಡಿಯ ಕೊಕ್ಕೆಯಲ್ಲಿ ಮಾರಾಟವಾಗದೆ ತೂಗುತ್ತಿತ್ತು. ಸ್ಕ್ರೂಜನ ತಿಜೋರಿಯಲ್ಲಿ ಹಣ ಕೊಳೆಯುತ್ತಿತ್ತು, ಅಂಗಡಿಯಲ್ಲಿ ಕೋಳಿ ಉಳಿದಿತ್ತು, ಬಾಬನ ಮನೆಯಲ್ಲಿ ಎಂಟು ಬಾಯಿಗಳಿದ್ದವು. ಹಣ ತಿಜೋರಿಯಿಂದ ಹೊರಬಿದ್ದೊಡನೆ ಕೋಳಿ ಅಂಗಡಿಯವನಿಗೆ ವ್ಯಾಪಾರ, ಅದನ್ನು ಹೊತ್ತ ಬಾಡಿಗೆ ಬಂಡಿಯವನಿಗೆ ಬಾಡಿಗೆ, ಓಡಿ ಹೋಗಿ ಹೇಳಿಬಂದ ಹುಡುಗನಿಗೆ ಕಾಸು. ಯಾರ ಬಾಯಿಂದ ಯಾರು ಕಿತ್ತುಕೊಂಡರು? ಗಿರಣಿಯಲ್ಲಿ ಬೋನಸ್ ಹಂಚಿದ ವಾರ ಬಟ್ಟೆಯಂಗಡಿ, ಕಿರಾಣಿ, ಬಳೆಯಂಗಡಿಗಳ ಮುಂದೆ ನಿಂತು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೂಲಿಕಾರನ ಹಬ್ಬ ಬಡವಾದರೆ ಸಣ್ಣ ಅಂಗಡಿಯ ಹಬ್ಬವೂ ಬಡವಾಗುತ್ತದೆ. ಇಬ್ಬರ ಹಬ್ಬವೂ ಒಂದೇ ಗಂಟಿನದು.

ಡಿಕನ್ಸನಿಗೆ ಇನ್ನೊಂದು ಮೆಚ್ಚುಗೆ ಸಲ್ಲಬೇಕು. ಕಥೆಯನ್ನು ಆತ ಟರ್ಕಿ ಕೋಳಿಯ ದಾನಕ್ಕೆ ನಿಲ್ಲಿಸಲಿಲ್ಲ. ಮರುದಿನ ಬೆಳಿಗ್ಗೆ ಬಾಬ್ ಹದಿನೆಂಟೂವರೆ ನಿಮಿಷ ತಡವಾಗಿ ಬಂದಾಗ ಸ್ಕ್ರೂಜ್ ಅವನ ಪಗಾರ ಏರಿಸುತ್ತಾನೆ. ಮುಂದಿನ ಅಕ್ಷರ ಬರೆಯುವ ಮೊದಲೇ ಇನ್ನೊಂದು ಕಲ್ಲಿದ್ದಲಿನ ಬುಟ್ಟಿ ಕೊಂಡು ತರಲು ಹೇಳುತ್ತಾನೆ. ಕೋಳಿ ಒಂದು ದಿನದ್ದು, ಪಗಾರ ವರ್ಷದ್ದು. ಹಬ್ಬದ ಸಿಹಿ ಹಂಚಿ ಫೋಟೋ ತೆಗೆಸಿಕೊಂಡು ಕೂಲಿಯ ಮಾತೆತ್ತಿದರೆ ಮುಖ ತಿರುಗಿಸುವ ಧಣಿಗಳಿಗಿಂತ ಈ ಮುದುಕ ಎಷ್ಟೋ ಮುಂದೆ.

ಬೀಗದ ಕೈ ಯಾರ ಬಳಿ?

ಇನ್ನು ಕೊರತೆಯ ಮಾತು. ಕ್ರ್ಯಾಚಿಟ್ಟರ ಮನೆಯ ಊಟ ಮುಗಿದ ಮೇಲೆ ಬಾಬ್ ಲೋಟವೆತ್ತಿ ಸ್ಕ್ರೂಜನನ್ನು ಈ ಊಟದ ಕರ್ತನೆಂದು ಹೆಸರಿಸಿ ಅವನಿಗೆ ಶುಭ ಕೋರುತ್ತಾನೆ. ಹೆಂಡತಿಯ ಮುಖ ಕೆಂಪಾಗುತ್ತದೆ. ಆತ ಇಲ್ಲಿದ್ದಿದ್ದರೆ ನಾಲ್ಕು ಮಾತು ಸರಿಯಾಗಿ ಉಣಬಡಿಸುತ್ತಿದ್ದೆನೆಂದು ಆಕೆ ಸಿಡುಕುತ್ತಾಳೆ. ಗಂಡನ ಸಲುವಾಗಿ, ಆ ದಿನದ ಸಲುವಾಗಿ ಕುಡಿಯುತ್ತೇನೆ, ಆತನ ಸಲುವಾಗಿ ಅಲ್ಲ ಎನ್ನುತ್ತಾಳೆ. ಆ ಹೆಸರು ಬಂದ ಮೇಲೆ ಐದು ನಿಮಿಷ ಮನೆಯ ಮೇಲೆ ನೆರಳು ಕವಿಯುತ್ತದೆ.

ಇಡೀ ಪುಸ್ತಕದಲ್ಲಿ ನಮಗೆ ಸತ್ಯವೆಂದು ತೋರಿದ ಮಾತು ಈ ಹೆಂಗಸಿನದು. ಆ ಊಟದ ಕರ್ತ ಯಾರು? ಚಳಿಯಲ್ಲಿ ಕುಳಿತು ಬಾಬ್ ದುಡಿದ ಹದಿನೈದು ಷಿಲ್ಲಿಂಗು ಅದನ್ನು ಕೊಂಡಿತು. ಆಕೆಯ ಕೈ ಅದನ್ನು ಬೇಯಿಸಿತು. ಹಿರಿಯ ಮಗಳು ಮಾರ್ಥಾ ಹೆಂಗಸರ ಟೋಪಿ ಹೊಲಿಯುವ ಅಂಗಡಿಯಲ್ಲಿ ಹಿಂದಿನ ರಾತ್ರಿಯೆಲ್ಲ ಕೆಲಸ ಮುಗಿಸಿ, ಬೆಳಿಗ್ಗೆ ಅಂಗಡಿ ಒಪ್ಪಮಾಡಿ, ತಡವಾಗಿ ಮನೆಗೆ ಓಡಿಬಂದಿದ್ದಾಳೆ. ಸ್ಕ್ರೂಜನ ಪಾಲು ಇದರಲ್ಲಿ ಏನು? ಆದರೆ ಡಿಕನ್ಸನು ಈ ಮಾತನ್ನು ಆಕೆಯ ಬಾಯಲ್ಲಿ ಆಡಿಸಿ ಅಲ್ಲಿಗೇ ಬಿಟ್ಟುಬಿಟ್ಟ. ಕಥೆ ಮುಗಿಯುವಾಗ ಸ್ಕ್ರೂಜ್ ನಿಜವಾಗಿಯೂ ಹಬ್ಬದ ಕರ್ತನಾಗಿ ನಿಲ್ಲುತ್ತಾನೆ.

ಎರಡನೆಯ ಅಧ್ಯಾಯದ ಕುಣಿತವೂ ಹಾಗೆಯೇ. ಸ್ಕ್ರೂಜ್ ಹುಡುಗನಾಗಿ ಕೆಲಸ ಕಲಿತ ಫೆಜಿವಿಗ್ ಎಂಬ ಒಳ್ಳೆಯ ಧಣಿ ಹಬ್ಬದ ರಾತ್ರಿ ಮಳಿಗೆಯ ನೆಲ ಗುಡಿಸಿ, ಪಿಟೀಲಿನವನನ್ನು ಕರೆಸಿ, ಕೆಲಸದವರು, ಅಡಿಗೆಯವಳು, ಹಾಲಿನವನು, ಎದುರು ಮನೆಯಲ್ಲಿ ಹೊಟ್ಟೆತುಂಬ ಊಟ ಸಿಗದ ಹುಡುಗ, ಎಲ್ಲರನ್ನೂ ಕುಣಿಸುತ್ತಾನೆ. ಖರ್ಚು ಮೂರು ನಾಲ್ಕು ಪೌಂಡು. ಬಾಬನ ನಾಲ್ಕೈದು ವಾರದ ಪಗಾರ. ಆಳುಗಳ ಕೆಲಸವನ್ನು ಹಗುರ ಮಾಡುವ, ಭಾರ ಮಾಡುವ ಶಕ್ತಿ ಧಣಿಯ ನೋಟದಲ್ಲಿ, ಮಾತಿನಲ್ಲಿ ಇದೆಯೆಂದು ಸ್ಕ್ರೂಜ್ ಅದನ್ನು ಕಂಡು ಒಪ್ಪಿಕೊಳ್ಳುತ್ತಾನೆ. ಬಹಳ ಸರಿ. ಆದರೆ ಫೆಜಿವಿಗ್ಗನ ಕೈಯಲ್ಲಿದ್ದ ಶಕ್ತಿಯೇ ಸ್ಕ್ರೂಜನ ಕೈಯಲ್ಲೂ ಇತ್ತು. ಒಬ್ಬನ ಕೆಳಗೆ ಕುಣಿತ, ಇನ್ನೊಬ್ಬನ ಕೆಳಗೆ ಒಂದೇ ಕೆಂಡ. ಯಾರ ಕೆಳಗೆ ಸಿಕ್ಕೀತೆಂಬುದು ದುಡಿಯುವವನ ಹಣೆಬರಹವೇ?

ಇಷ್ಟಕ್ಕೂ ಭೂತಗಳು ಎಷ್ಟು ಮನೆಗೆ ಹೋದಾವು? ಸ್ಕ್ರೂಜನ ಮನಸ್ಸು ತಿರುಗಿಸಲು ಒಂದು ಪ್ರೇತ, ಮೂರು ಭೂತಗಳು ಬೇಕಾದವು. ಮಾರ್ಥಾಳ ಅಂಗಡಿಯ ಒಡತಿಯ ಮನೆಗೆ ಯಾವ ಭೂತವೂ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಹಾಸಿಗೆಯಲ್ಲಿ ಹೊತ್ತೇರುವ ತನಕ ಮಲಗಬೇಕೆಂಬುದು ಆ ಹುಡುಗಿಯ ದೊಡ್ಡ ಆಸೆ. ಅವಳ ಮಟ್ಟಿಗೆ ಹಬ್ಬವೆಂದರೆ ನಿದ್ದೆ. ಸಾವಿರ ಗಿರಣಿ, ಸಾವಿರ ಧಣಿ ಇರುವ ನಾಡಿನಲ್ಲಿ ಒಬ್ಬೊಬ್ಬ ಧಣಿಯ ಕನಸಿಗೂ ಭೂತ ಬರಲೆಂದು ಕಾಯುವುದಾದರೆ ಕೂಲಿಕಾರನ ಮಕ್ಕಳಿಗೆ ಹಬ್ಬ ಯಾವ ಜನ್ಮಕ್ಕೆ?

ಪುಸ್ತಕದ ಬೆಲೆಯೂ ಇದೇ ಕಥೆ ಹೇಳುತ್ತದೆ. 1843ರ ಡಿಸೆಂಬರ್ 19ರಂದು ಚಿನ್ನದಂಚಿನ ಹಾಳೆ, ಕೆಂಪು ಬಟ್ಟೆಯ ರಟ್ಟು, ಬಣ್ಣ ತುಂಬಿದ ಚಿತ್ರಗಳೊಡನೆ ಹೊರಟ ಪುಸ್ತಕದ ಬೆಲೆ ಐದು ಷಿಲ್ಲಿಂಗು. ಖರ್ಚಿಗೆ ನೋಡಿದರೆ ಅದು ಅಗ್ಗವೇ. ಮೊದಲ 6000 ಪ್ರತಿಗಳು ಹಬ್ಬಕ್ಕೆ ಮುಂಚೆಯೇ ಖರ್ಚಾದರೂ ಡಿಕನ್ಸನಿಗೆ ಎಣಿಸಿದಷ್ಟು ಲಾಭ ಬರಲಿಲ್ಲ. ಆದರೂ ಐದು ಷಿಲ್ಲಿಂಗೆಂದರೆ ಬಾಬನ ವಾರದ ಪಗಾರದಲ್ಲಿ ಮೂರನೆಯ ಒಂದು ಪಾಲು. ತನ್ನ ಮನೆಯ ಹಬ್ಬದ ಕಥೆಯನ್ನು ಕೊಂಡು ಓದಲು ಬಾಬ್ ಎರಡು ದಿನ ಉಪವಾಸ ದುಡಿಯಬೇಕಿತ್ತು. ಪುಸ್ತಕ ಮಾತಾಡಿದ್ದು ಸ್ಕ್ರೂಜರ ಕಿವಿಯಲ್ಲಿ.

ಭೂತ ಮಾಡದ್ದನ್ನು ಯಾರು ಮಾಡಿದರು?

ಇತಿಹಾಸ ಬೇರೆ ದಾರಿ ಹಿಡಿಯಿತು. ಈ ಕಾದಂಬರಿ ಬರುವುದಕ್ಕೆ ಹತ್ತು ವರ್ಷ ಮೊದಲೇ, 1833ರ ಇಂಗ್ಲೆಂಡಿನ ಕಾರ್ಖಾನೆ ಕಾಯಿದೆ, ಗಿರಣಿಗಳಲ್ಲಿ ದುಡಿಯುವ ಮಕ್ಕಳಿಗೂ ಹದಿನೆಂಟರೊಳಗಿನ ಹುಡುಗ ಹುಡುಗಿಯರಿಗೂ ಕ್ರಿಸ್‌ಮಸ್ ಮತ್ತು ಗುಡ್ ಫ್ರೈಡೇ ಎರಡು ಪೂರ್ಣ ರಜೆ, ಎಂಟು ಅರ್ಧ ದಿನದ ರಜೆ ಕೊಟ್ಟಿತ್ತು. ಹಿಂದಿನ ವರ್ಷ ಗಿರಣಿ ಕೂಲಿಕಾರರು ಪಾರ್ಲಿಮೆಂಟಿನ ಸಮಿತಿಯೆದುರು ನಿಂತು ತಮ್ಮ ಮಕ್ಕಳ ಪಾಡನ್ನು ಹೇಳಿದ್ದರು. ಊರೂರಲ್ಲಿ ಚಳವಳಿ ನಡೆದಿತ್ತು. ಆ ಕಾಯಿದೆ ಬಾಬನಂಥ ಕಚೇರಿ ಗುಮಾಸ್ತನನ್ನು ಮುಟ್ಟಲಿಲ್ಲ. ಹೀಗಾಗಿ ಗಿರಣಿಯ ಹುಡುಗನಿಗೆ ಹಕ್ಕಾದ ದಿನವನ್ನು ಆರು ಮಕ್ಕಳ ತಂದೆಯಾದ ಗುಮಾಸ್ತ ಬೇಡಿ ಪಡೆಯಬೇಕಾಯಿತು. 1847ರಲ್ಲಿ ಬಟ್ಟೆಗಿರಣಿಗಳ ಹೆಂಗಸರು ಮತ್ತು ಎಳೆಯರಿಗೆ ದಿನಕ್ಕೆ ಹತ್ತು ಗಂಟೆಯ ಮಿತಿ ಬಂತು. ಡಿಕನ್ಸನು ತೀರಿಕೊಂಡದ್ದು 1870ರ ಜೂನ್ 9ರಂದು. ಮರುವರ್ಷ, 1871ರಲ್ಲಿ, ಬ್ಯಾಂಕು ರಜೆಗಳ ಕಾಯಿದೆ ಡಿಸೆಂಬರ್ 26ನ್ನೂ ರಜೆಯೆಂದು ಸಾರಿತು. ಬಾಬ್ ಹದಿನೆಂಟೂವರೆ ನಿಮಿಷ ತಡವಾಗಿ ಬಂದು ನಡುಗಿದ್ದು ಅದೇ 26ರಂದು! ಅಂಗಡಿ ಆಳುಗಳಿಗೆ ವಾರಕ್ಕೆ ಅರ್ಧ ದಿನದ ರಜೆ ಕಾಯಿದೆಯಾಗಿ ಬಂದದ್ದು 1911ರಲ್ಲಿ.

ನಮ್ಮ ದೇಶದ ಕೂಲಿಕಾರನಿಗೂ ರಜೆ ಕನಸಿನಲ್ಲಿ ಬಂದದ್ದಲ್ಲ. 1884ರಲ್ಲಿ ನಾರಾಯಣ ಮೇಘಾಜಿ ಲೋಖಂಡೆ ಮುಂಬಯಿಯ ಗಿರಣಿ ಕೂಲಿಕಾರರನ್ನು ಕೂಡಿಸಿ ವಾರಕ್ಕೊಂದು ದಿನ ಬಿಡುವು ಬೇಕೆಂದು ಬೇಡಿಕೆಯಿಟ್ಟರು. 1890ರಲ್ಲಿ ಅಲ್ಲಿಯ ಮಾಲಿಕರು ಭಾನುವಾರದ ರಜೆಗೆ ಒಪ್ಪಿದರು. 1891ರ ಕಾಯಿದೆ ವಾರದ ರಜೆಯನ್ನು ಬರೆದಿಟ್ಟಿತು. ನಮ್ಮ ರಾಜ್ಯದಲ್ಲಿ ರಾಷ್ಟ್ರೀಯ ದಿನಗಳಿಗೂ ಹಬ್ಬಗಳಿಗೂ ಕಾರ್ಖಾನೆಗಳಲ್ಲಿ ಪಗಾರಸಹಿತ ರಜೆ ಕೊಡುವ ಕಾಯಿದೆ ಬಂದದ್ದು 1963ರಲ್ಲಿ. ಒಟ್ಟಾಗಿ ಕೇಳಿದ ಮೇಲೆ ಬಂದ ದಿನಗಳಿವು.

ಕಾಯಿದೆ ರಜೆ ಕೊಟ್ಟೀತು, ನಗು ಕೊಟ್ಟೀತೇ ಎಂದು ಒಬ್ಬರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಕಾಯಿದೆಯ ಪುಸ್ತಕ ಪಿಟೀಲು ಬಾರಿಸುವುದಿಲ್ಲ. ಆದರೆ ದಿನ ಕೈಗೆ ಬಂದರೆ ನಗುವುದು ಜನಕ್ಕೆ ತಾನೇ ಗೊತ್ತು. ಬಾಬನಿಗೆ ಇಪ್ಪತ್ತು ಸಲ ಜಾರಲು ಯಾರೂ ಕಲಿಸಲಿಲ್ಲ.

ಆದ್ದರಿಂದ ನಮ್ಮ ತೀರ್ಪು ಇದು. ‘ಕ್ರಿಸ್‌ಮಸ್ ಕ್ಯಾರಲ್’ ಪುಸ್ತಕದಲ್ಲಿ ಹಬ್ಬ ಸಾಕಷ್ಟಿದೆ. ಬೆಂಕಿ, ಬಿಡುವು, ಬಿಸಿಯೂಟ, ಹಂಚಿಕೊಳ್ಳುವ ಲೋಟ ಇವು ಹಬ್ಬವೆಂದು ಅದು ಬಲ್ಲದು. ಇವು ಯಾರಿಗೆ ಸಿಗುವುದಿಲ್ಲವೆಂಬುದನ್ನೂ ಬಲ್ಲದು. ಅದಕ್ಕೆ ಕಾಣದೆ ಹೋದದ್ದು, ಕೊಡುವ ಕೈ ಬದಲಾಗುವುದರ ಜೊತೆಗೆ ಕೇಳುವ ಬಾಯಿಯೂ ಏಳಬೇಕೆಂಬುದು. ಗ್ರಂಥಾಲಯದಲ್ಲಿ ಸಿಕ್ಕರೆ ವಾಚಕರು ಅವಶ್ಯವಾಗಿ ಓದಬೇಕು, ಓದುಬಾರದ ಸಂಗಾತಿಗಳಿಗೆ ಹೇಳಬೇಕು. ದೀಪಾವಳಿಯ ವಿಶೇಷಾಂಕಗಳಲ್ಲಿ ಬರುವ ನಮ್ಮ ಕಥೆಗಳನ್ನೂ ಇದೇ ಒರೆಗೆ ಹಚ್ಚಬೇಕು: ಎಷ್ಟು ಹಣತೆ ಉರಿದವೆಂದು ಎಣಿಸುವುದರ ಜೊತೆಗೆ, ಎಣ್ಣೆ ಯಾರದು, ಆ ರಾತ್ರಿ ಕೆಲಸಕ್ಕೆ ಹೋದವರು ಯಾರು ಎಂದು ಕಥೆಗಾರನು ಕೇಳಿದ್ದಾನೆಯೇ ಎಂದು ನೋಡಬೇಕು. ಕ್ರ್ಯಾಚಿಟ್ಟನ ಹೆಂಡತಿ ಊಟದ ಮೇಜಿನಲ್ಲಿ ಸಿಟ್ಟಿನಿಂದ ಆಡಿದ ಮಾತನ್ನು ಮಾತ್ರ ಓದುವಾಗ ದಾಟಿಸಿ ಹೋಗಬಾರದು.